ಶೇಕಡಾವಾರು ಲೆಕ್ಕದಲ್ಲಿ ಕಾಣದ ಸ್ತ್ರೀ: ಸಮುದಾಯ ಚಿಕಿತ್ಸೆಯ ಒಂದು ವಿಮರ್ಶೆ

ಅಲಕ್ಷಿತ ಉಷ್ಣವಲಯ ರೋಗಗಳ ನಿವಾರಣೆಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2021ರಿಂದ 2030ರವರೆಗಿನ ಅವಧಿಗೆ ಒಂದು ಮಾರ್ಗಸೂಚಿಯನ್ನು ರೂಪಿಸಿದೆ. ಈ ರೋಗಗಳ ಅಂಕಿ ಅಂಶಗಳನ್ನು ಲಿಂಗಾನುಸಾರವಾಗಿ ವಿಂಗಡಿಸಿ ವರದಿಮಾಡುವ ರಾಷ್ಟ್ರಗಳ ಪ್ರಮಾಣವು ಶೇಕಡಾ 90ಕ್ಕೆ ಏರಬೇಕೆಂಬುದು ಅದರ ಗುರಿಗಳಲ್ಲೊಂದು. ಇದು ಸ್ವಾಗತಾರ್ಹವಾದುದೇ ಸರಿ. ಆದರೆ ಹೆಣ್ಣು ಗಂಡುಗಳ ಲೆಕ್ಕವನ್ನು ಎರಡು ಅಂಕಣಗಳಲ್ಲಿ ಬರೆದ ಮಾತ್ರಕ್ಕೆ, ಔಷಧವು ಯಾರ ಕೈ ಸೇರಲಿಲ್ಲ, ಏಕೆ ಸೇರಲಿಲ್ಲ ಎಂಬುದು ತಿಳಿದುಬರುವುದೆ? ದಾಖಲೆಗಳ ಪರೀಕ್ಷೆಯನ್ನೇ ವೃತ್ತಿಯಾಗಿ ಉಳ್ಳ ಇತಿಹಾಸದ ವಿದ್ಯಾರ್ಥಿಯು ಈ ಪ್ರಶ್ನೆಯನ್ನು ಕೇಳದಿರಲಾರನು.

ಆಫ್ರಿಕದ ನದೀಕುರುಡು ರೋಗದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಇದು ವೇಗವಾಗಿ ಹರಿಯುವ ಹೊಳೆಗಳ ಬಳಿ ಹುಟ್ಟುವ ಕಪ್ಪುನೊಣದ ಕಡಿತದಿಂದ ಹರಡತಕ್ಕದ್ದು. 1987ರಲ್ಲಿ ಮರ್ಕ್ ಕಂಪೆನಿಯು ಇದಕ್ಕೆ ಬೇಕಾದ ಐವರ್‌ಮೆಕ್ಟಿನ್ ಔಷಧವನ್ನು ಉಚಿತವಾಗಿ ಒದಗಿಸುವುದಾಗಿ ಘೋಷಿಸಿತು. 1995ರಿಂದ 2015ರವರೆಗೆ ನಡೆದ ಆಫ್ರಿಕದ ನಿಯಂತ್ರಣ ಕಾರ್ಯಕ್ರಮದಲ್ಲಿ ಹಂಚಿಕೆಯ ಹೊಣೆಯನ್ನು ಗ್ರಾಮಸ್ಥರೇ ಹೊತ್ತರು. ವಿತರಕನನ್ನು ಆರಿಸುವವರೂ ಹಂಚಿಕೆಯ ಕಾಲವನ್ನು ಗೊತ್ತುಮಾಡುವವರೂ ಅವರೇ. ಈ ವ್ಯವಸ್ಥೆಯ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಗರ್ಭಿಣಿಯರಿಗೂ ಹೆರಿಗೆಯಾದ ಮೊದಲ ವಾರದ ಬಾಣಂತಿಯರಿಗೂ ಈ ಔಷಧವನ್ನು ಕೊಡುವಂತಿಲ್ಲ. ಎಚ್ಚರಿಕೆಯು ಯುಕ್ತವಾದುದು, ದೋಷವಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಔಷಧವು ಮರಿಹುಳುಗಳನ್ನು ನಾಶಮಾಡುತ್ತದೆಯೇ ಹೊರತು, ಹತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಬಲ್ಲ ದೊಡ್ಡ ಹುಳುವನ್ನು ಕೊಲ್ಲುವುದಿಲ್ಲ. ಆದುದರಿಂದಲೇ ಅದನ್ನು ವರ್ಷವರ್ಷವೂ ಸೇವಿಸಬೇಕು. ಹಂಚಿಕೆಯ ದಿನ ಗರ್ಭಿಣಿಯಾಗಿದ್ದವಳು ಹೆತ್ತ ವಾರದ ತರುವಾಯ ಔಷಧಕ್ಕೆ ಅರ್ಹಳಾಗುತ್ತಾಳೆ. ಆದರೆ ಆಗ ವಿತರಕನು ಮರಳಿ ಬಾರದಿದ್ದರೆ, ಕೆಲವು ತಿಂಗಳುಗಳ ನಿಷೇಧವು ಅವಳ ಪಾಲಿಗೆ ಒಂದು ವರ್ಷದ ವಂಚನೆಯಾಗುತ್ತದೆ. ಹಲವು ಮಕ್ಕಳನ್ನು ಹೆತ್ತ ತಾಯಿಗೆ ಇಂಥ ವರ್ಷಗಳೂ ಹಲವು.

ದಾಖಲೆಯಲ್ಲಿ ಈ ನಷ್ಟವು ಕಾಣುವುದೇ ಇಲ್ಲ. ಹಂಚಿಕೆಯ ಪ್ರಮಾಣವನ್ನು ಎರಡು ಬಗೆಯಾಗಿ ಗಣಿಸುವುದುಂಟು: ಒಟ್ಟು ಜನಸಂಖ್ಯೆಯ ಮೇಲೆ ಒಂದು, ಔಷಧಕ್ಕೆ ಅರ್ಹರಾದವರ ಮೇಲೆ ಮತ್ತೊಂದು. ಎರಡನೆಯ ಲೆಕ್ಕದಲ್ಲಿ ಗರ್ಭಿಣಿಯು ಔಷಧ ತಪ್ಪಿದವಳೆನಿಸುವುದಿಲ್ಲ. ಅವಳು ಛೇದದಿಂದಲೇ ಮಾಯವಾಗುತ್ತಾಳೆ. ಮೊದಲನೆಯ ಲೆಕ್ಕದಲ್ಲಿ ಅವಳು ಉಳಿದರೂ, ಒಲ್ಲೆನೆಂದವರೊಡನೆಯೂ ಊರಲ್ಲಿಲ್ಲದವರೊಡನೆಯೂ ಬೆರೆತುಹೋಗುತ್ತಾಳೆ.

ಹೊರಗಿಡುವ ನಿಯಮವು ತನ್ನನ್ನು ತಾನೇ ಪೋಷಿಸಿಕೊಳ್ಳುವುದೂ ಉಂಟು. ಷಿಸ್ಟೊಸೋಮಿಯಾಸಿಸ್ ರೋಗದ ಔಷಧವಾದ ಪ್ರಾಜಿಕ್ವಾಂಟೆಲ್ ಬಳಕೆಗೆ ಬಂದು ಎರಡು ದಶಕಗಳವರೆಗೆ ಗರ್ಭಿಣಿಯರಿಗೆ ಸಾಮಾನ್ಯವಾಗಿ ದೊರೆಯುತ್ತಿರಲಿಲ್ಲ. ಸುರಕ್ಷಿತವೆಂಬುದಕ್ಕೆ ಸಾಕ್ಷ್ಯವಿಲ್ಲವೆಂದು ಅವರನ್ನು ಹೊರಗಿಟ್ಟರು. ಹೊರಗಿಟ್ಟುದರಿಂದಲೇ ಸಾಕ್ಷ್ಯವೂ ದೊರೆಯದಾಯಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಚಿಕಿತ್ಸೆಯನ್ನು ಶಿಫಾರಸು ಮಾಡಿದರು. ಈ ರೋಗವು ಸ್ತ್ರೀಯರ ಜನನಾಂಗಗಳಿಗೂ ಹಾನಿಮಾಡುತ್ತದೆ ಎಂಬುದನ್ನು ನೆನೆದರೆ ವಿಳಂಬದ ಬೆಲೆ ತಿಳಿಯುತ್ತದೆ.

ಇದು ಕೇವಲ ಸ್ತ್ರೀಪಕ್ಷದ ವಾದವೆಂದು ಯಾರೂ ಭಾವಿಸಬಾರದು. ನಮ್ಮ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿಯೂ ಆನೆಕಾಲು ರೋಗಕ್ಕೆ ಸಾಮೂಹಿಕ ಔಷಧ ಹಂಚಿಕೆ ನಡೆದಿದೆ. ಅಲ್ಲಿಯೂ ಗರ್ಭಿಣಿಗೆ ಮಾತ್ರೆಯಿಲ್ಲ. ಆದರೆ ದುಡಿಮೆಗಾಗಿ ಗುಳೆ ಹೋದ ಗಂಡಸಿಗೂ ಮನೆಬಾಗಿಲಿಗೆ ಬಂದ ಮಾತ್ರೆ ದಕ್ಕುವುದಿಲ್ಲ. ಅಂಡವೃದ್ಧಿಯ ರೂಪದಲ್ಲಿ ಇದೇ ರೋಗವನ್ನು ಅನುಭವಿಸುವವನು ಅವನೇ. ಒಬ್ಬಳು ಮನೆಯಲ್ಲಿದ್ದೂ ವಂಚಿತಳು. ಇನ್ನೊಬ್ಬನು ಮನೆಯಲ್ಲಿಲ್ಲದೆ ವಂಚಿತನು. ಕಾರಣಗಳು ಬೇರೆಯಾದಾಗ ಪರಿಹಾರಗಳೂ ಬೇರೆಯಾಗಬೇಕು.

ಹಾಗೆಯೇ "ಸಮುದಾಯ"ವೆಂಬ ಪದವನ್ನೂ ಶೋಧಿಸಿ ನೋಡಬೇಕು. ಊರಿನ ಹೆಸರಿನಲ್ಲಿ ಗಂಡಸರಷ್ಟೇ ಕೂಡಿ ವಿತರಕನನ್ನು ಆರಿಸಿದರೆ ಅದು ಅರ್ಧ ಸಮುದಾಯದ ತೀರ್ಮಾನ. ಯುಗಾಂಡದಲ್ಲಿ ಬಂಧುವರ್ಗಗಳ ಆಧಾರದ ಮೇಲೆ ಹಂಚಿಕೆಯನ್ನು ಏರ್ಪಡಿಸಿದಾಗ ಸ್ತ್ರೀಯರು ವಿತರಕರಾಗುವುದು ಸುಲಭವಾಯಿತು. ತಮ್ಮವರ ನಡುವೆಯೇ ಕೆಲಸಮಾಡುವವಳು ದೂರ ನಡೆಯಬೇಕಾಗಿಲ್ಲ. ಯಾರು ಬಸುರಿ, ಯಾರು ಹೆತ್ತಳು ಎಂಬುದೂ ಅವಳಿಗೆ ತಿಳಿದಿರುತ್ತದೆ.

ಆದುದರಿಂದ ಲಿಂಗಾನುಸಾರ ವಿಂಗಡಣೆಯು ಪರೀಕ್ಷೆಯ ಆರಂಭವೇ ಹೊರತು ಮುಕ್ತಾಯವಲ್ಲ. ಪ್ರತಿಯೊಂದು ಗ್ರಾಮದ ದಾಖಲೆಯಲ್ಲಿ "ಈಗ ಕೊಡಲಾಗದವರು" ಎಂಬ ಅಂಕಣವಿರಬೇಕು. ಅದರ ಪಕ್ಕದಲ್ಲಿ ಮರಳಿ ಹೋಗಿ ಕೊಟ್ಟ ದಿನಾಂಕವಿರಬೇಕು. ಆ ದಿನಾಂಕವಿಲ್ಲದ ಶೇಕಡಾ ಪ್ರಮಾಣವು ಎಷ್ಟೇ ಉನ್ನತವಾಗಿದ್ದರೂ ಅಪೂರ್ಣ ಸಾಕ್ಷ್ಯವೆಂದೇ ಎಣಿಸತಕ್ಕದ್ದು.