ಸಂತೆಯಲ್ಲಿ ಸುಮ್ಮನಿರುವ ವಿದ್ಯೆ

ದೀಪಾವಳಿ ಕಳೆಯಿತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಊರಿಗೊಂದು ಗೌಜಿ. ವಂಡಾರು, ತಗ್ಗರ್ಸೆಯ ಕಂಬಳ, ಕೋಟೇಶ್ವರದ ಕೊಡಿ ಹಬ್ಬ, ಮಕರ ಸಂಕ್ರಮಣಕ್ಕೆ ಮಾರಣಕಟ್ಟೆ ಜಾತ್ರೆ, ಪತ್ತನಾಜೆಯವರೆಗೂ ಯಕ್ಷಗಾನ ಮೇಳಗಳ ತಿರುಗಾಟ. ನಾಯಿ ಸಾಕಿದವರಿಂದ ಈ ದಿನಗಳಲ್ಲಿ ತಪ್ಪದೆ ಬರುವ ಪ್ರಶ್ನೆ ಒಂದೇ: "ನಮ್ ನಾಯಿನೂ ಕರ್ಕಂಡ್ ಹೋಯ್ಲಕ್ಕಾ?"

ಕೆಲವು ಕಡೆಗೆ ಧಾರಾಳವಾಗಿ ಹೋಗಬಹುದು, ಕೆಲವು ಕಡೆಗೆ ಖಂಡಿತ ಕೂಡದು. ಆದರೆ ಅದನ್ನು ನಿರ್ಧರಿಸುವ ಮೊದಲು ನಮ್ಮ ನಾಯಿಗೆ ಸುಮ್ಮನಿರಲು ಬರುತ್ತದೆಯೇ ಎಂದು ನೋಡಬೇಕು. ಕೈ ಕೊಡುವುದು, ಉರುಳುವುದು, ಚೆಂಡು ತರುವುದು ಮನೆಗೆ ಬಂದ ನೆಂಟರಿಗೆ ತೋರಿಸಲು ಚೆನ್ನ. ಜನಜಂಗುಳಿಯಲ್ಲಿ ಬೇಕಾದದ್ದು ಬೇರೆ ನಾಲ್ಕು ಪಾಠ: ಬೆಲ್ಟ್ ಜಗ್ಗದೆ ಪಕ್ಕದಲ್ಲೇ ನಡೆಯುವುದು, ಕರೆದ ತಕ್ಷಣ ತಿರುಗಿ ಬರುವುದು, "ಬಿಡು" ಎಂದರೆ ನೆಲಕ್ಕೆ ಬಿದ್ದ ತಿಂಡಿಯಿಂದ ಮೂತಿ ಎತ್ತುವುದು, ಹಾಸಿಕೊಟ್ಟ ಗೋಣಿಯ ಮೇಲೆ ಮಲಗಿಕೊಂಡೇ ಇರುವುದು.

ಈ ನಾಲ್ಕರಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಗೋಣಿಗೆ. ಅಂಗಳದ ಮೂಲೆಯಲ್ಲಿ ಹಳೆ ಅಕ್ಕಿ ಗೋಣಿಯನ್ನು ಮಡಚಿ ಹಾಕಿ. ನಾಯಿ ಅದರ ಮೇಲೆ ಕಾಲಿಟ್ಟ ಕೂಡಲೇ ಬೇಯಿಸಿದ ಕೋಳಿಯ ಸಣ್ಣ ತುಣುಕು ಕೊಡಿ. ಮಲಗಿದರೆ ಇನ್ನೊಂದು, ಮಲಗಿಯೇ ಇದ್ದರೆ ಮತ್ತೊಂದು. ಆಮೇಲೆ ಅದು ಮಲಗುವ ಭಂಗಿಯನ್ನು ಗಮನಿಸಿ. ಎರಡೂ ಹಿಂಗಾಲನ್ನು ಹೊಟ್ಟೆಯಡಿ ಮಡಚಿ, ಕತ್ತೆತ್ತಿ ಕೂತಿದ್ದರೆ ಅದು ಯಾವ ಕ್ಷಣದಲ್ಲೂ ಎದ್ದು ಓಡಲು ತಯಾರಾಗಿದೆ. ಸೊಂಟವನ್ನು ಒಂದು ಬದಿಗೆ ಹೊರಳಿಸಿ, ಕಾಲು ಸಡಿಲ ಬಿಟ್ಟು, ಗಲ್ಲವನ್ನು ಗೋಣಿಗೆ ಊರಿತೆಂದರೆ ಮನಸ್ಸೂ ಮಲಗಿತು. ಅಂಗಳದಲ್ಲಿ ಕೂಡಿಬಂದದ್ದನ್ನು ಗೇಟಿನ ಹೊರಗೆ, ಬಳಿಕ ಬಸ್ ಸ್ಟ್ಯಾಂಡಿನ ಎದುರು ಬದಿಯಲ್ಲಿ, ಬಳಿಕ ಸಂತೆಯ ಅಂಚಿನಲ್ಲಿ ಮಾಡಿಸಿ. ಜಾಗ ಬದಲಾದರೂ ಗೋಣಿ ಅದೇ ಇರಲಿ. ಮನೆಯ ವಾಸನೆ ಹಿಡಿದ ಗೋಣಿ ಎಲ್ಲಿ ಹಾಸಿದರೂ ನಾಯಿಗೆ ಅದು ಗೊತ್ತಿರುವ ಜಾಗ.

ಜನರ ನಡುವೆ ನೆಮ್ಮದಿಯಾಗಿರುವ ಗುಣಕ್ಕೆ ಬುನಾದಿ ಬೀಳುವುದು ಮರಿ ಮೂರು ವಾರದ್ದಿದ್ದಾಗಿನಿಂದ ಸುಮಾರು ಹದಿನಾಲ್ಕು ವಾರದೊಳಗೆ. ಆ ದಿನಗಳಲ್ಲಿ ಮರಿ ಏನೇನನ್ನು ಹೆದರಿಕೆಯಿಲ್ಲದೆ ಕಂಡಿತೋ ಅದೆಲ್ಲ ಮುಂದೆ ಅದಕ್ಕೆ ಸಾಮಾನ್ಯ ಸಂಗತಿ. ಲಸಿಕೆ ಪೂರ್ತಿಯಾಗಿಲ್ಲವೆಂದು ಮನೆಯೊಳಗೇ ಮುಚ್ಚಿಡುವ ಬದಲು ಕೈಯಲ್ಲೆತ್ತಿಕೊಂಡು ಶಾಸ್ತ್ರಿ ಸರ್ಕಲ್ಲಿನ ವಾಹನ, ಮೀನು ಮಾರುಕಟ್ಟೆಯ ಗಲಾಟೆ, ಮರವಂತೆಯ ಅಲೆ ತೋರಿಸಿ ತನ್ನಿ. ದೊಡ್ಡದಾದ ನಾಯಿಗೂ ಕಲಿಸಬಹುದು, ಆದರೆ ಅವಸರ ಮಾಡಬಾರದು. 2022ರ ಜೂನ್‌ನಲ್ಲಿ ತೆರೆಗೆ ಬಂದ '777 ಚಾರ್ಲಿ' ನೋಡಿ ಲ್ಯಾಬ್ರಡಾರ್ ತಂದವರು ನಮ್ಮಲ್ಲಿ ಬಹಳ ಮಂದಿ. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿದ, ನಮ್ಮ ಉಡುಪಿಯ ರಕ್ಷಿತ್ ಶೆಟ್ಟಿ ನಟಿಸಿದ ಆ ಚಿತ್ರದಲ್ಲಿ ಚಾರ್ಲಿಯ ಪ್ರತಿ ನೋಟದ ಹಿಂದೆ ತರಬೇತುದಾರನ ದೀರ್ಘ ಕಾಲದ ದುಡಿಮೆಯಿದೆ. ತಳಿ ತಂದ ಮಾತ್ರಕ್ಕೆ ಆ ನಡತೆ ಬರುವುದಿಲ್ಲ. ನಮ್ಮ ಊರ ನಾಯಿಯನ್ನೇ ಎಳವೆಯಿಂದ ಹೀಗೆ ಬೆಳೆಸಿದರೆ ಕರಾವಳಿಯ ಸೆಕೆಗೆ ಅದರಷ್ಟು ಹೊಂದುವ ನಾಯಿ ಇನ್ನೊಂದಿಲ್ಲ.

ಈಗ ಸದ್ದಿನ ವಿಚಾರ. ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸ್ವರ ಕೇಳಿದರೆ ನಾಯಿಯ ಕಿವಿಗೆ 45,000ದವರೆಗೂ ಕೇಳುತ್ತದೆ. ಬಡಗುತಿಟ್ಟಿನ ಚಂಡೆ ಏರುವ ಹೊತ್ತಿಗೆ ನಮಗೆ ಮೈ ನವಿರೇಳುತ್ತದೆ. ಅಭ್ಯಾಸವಿಲ್ಲದ ನಾಯಿಗೆ ಅದು ದಿಕ್ಕು ತಪ್ಪಿಸುವ ಆಘಾತ. ಬಯಲಾಟಕ್ಕೆ ಕರೆದೊಯ್ಯುವ ಆಸೆಯಿದ್ದವರು ತಿಂಗಳುಗಳ ಮೊದಲೇ ಶುರುಮಾಡಬೇಕು. ನಾಯಿ ಊಟ ಮಾಡುವಾಗ ಮೊಬೈಲಿನಲ್ಲಿ ಚಂಡೆಯ ಧ್ವನಿಮುದ್ರಿಕೆಯನ್ನು ಕೇಳಿಯೂ ಕೇಳದಷ್ಟು ಸಣ್ಣದಾಗಿ ಹಾಕಿ, ದಿನದಿಂದ ದಿನಕ್ಕೆ ಚೂರು ಚೂರೇ ಏರಿಸಿ. ಊಟ ಬಿಟ್ಟು ತಲೆ ಎತ್ತಿದರೆ ಹಿಂದಿನ ಮಟ್ಟಕ್ಕೆ ಇಳಿಸಿ. ಆಟದ ಬಯಲಿನಲ್ಲೂ ಧ್ವನಿವರ್ಧಕದ ಹತ್ತಿರ ಹೋಗದೆ ಪ್ರೇಕ್ಷಕರೆಲ್ಲರ ಹಿಂದೆ, ಎದ್ದು ಹೋಗಲು ದಾರಿಯಿರುವಲ್ಲಿ ಗೋಣಿ ಹಾಸಿ.

ಗರ್ನಾಲು, ಸುಡುಮದ್ದು ಇರುವಲ್ಲಿಗೆ ಮಾತ್ರ ಎಷ್ಟೇ ಕಲಿತ ನಾಯಿಯನ್ನೂ ಒಯ್ಯಬೇಡಿ. ಒಮ್ಮೆ ಬೆದರಿ ಬೆಲ್ಟ್ ಕಳಚಿಕೊಂಡ ನಾಯಿ ನೇರ ಹೆದ್ದಾರಿಗೆ ಓಡೀತು. ತೇರಿನ ದಿನವೂ ಬೇಡ. ಕೊಡಿ ಹಬ್ಬದಲ್ಲಿ ಹೊಸ ಜೋಡಿಗಳು ಕಬ್ಬು ಹಿಡಿದು ನಡೆಯುವ ಆ ಸಂದಣಿಯಲ್ಲಿ ನಾಯಿಗೆ ಕಾಣುವುದು ಕಾಲುಗಳು ಮಾತ್ರ. ಆದರೆ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ, ಅಂಗಡಿಗಳ ಗೂಟ ಹೊಡೆಯುವ, ಟಾರ್ಪಾಲು ಕಟ್ಟುವ ಹೊತ್ತಿನಲ್ಲಿ ಒಂದು ಸುತ್ತು ನಡೆಸಿದರೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು. ಕಂಬಳಕ್ಕೆ ಹೋದರೆ ಗದ್ದೆಯಂಚಿನಿಂದಲೂ ಕೋಣಗಳು ಬಂದು ಹೋಗುವ ದಾರಿಯಿಂದಲೂ ದೂರ ನಿಲ್ಲಿ. ಒಂದು ಬೊಗಳಿಗೆ ಕೋಣ ಬೆದರಿದರೆ ಅಪಾಯ ಓಡಿಸುವವನಿಗೆ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆಯುವಂಥ ಮೇಳಗಳ ವಿಶಾಲ ಜಾಗ, ಬೈಂದೂರು ಸೋಮೇಶ್ವರದ ಮರಳದಂಡೆ, ಕೋಡಿಯ ಕಡಲ ತೀರ ಮೊದಲ ಸಲ ಹೊರಡುವವರಿಗೆ ಹೇಳಿಮಾಡಿಸಿದವು. ಮೇಳಕ್ಕಾದರೆ ಮೊದಲೇ ಸಂಘಟಕರನ್ನು ಕೇಳಿಕೊಳ್ಳುವುದು ಒಳ್ಳೆಯದು.

ದೇವಸ್ಥಾನದ ಪೌಳಿ, ನಾಗಬನ, ಕೋಲ, ಗೆಂಡಸೇವೆಯ ಜಾಗದಿಂದ ನಾಯಿಯನ್ನು ದೂರವಿಡಿ. ಕನ್ನಡ ನೆಲ ನಾಯಿಯನ್ನು ಕೀಳಾಗಿ ಕಂಡದ್ದಲ್ಲ. ಮದ್ದೂರಿನ ಬಳಿಯ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಮಡಿದ 'ಕಾಳಿ' ಎಂಬ ನಾಯಿಗೆ ಹತ್ತನೆಯ ಶತಮಾನದಲ್ಲೇ ಕಲ್ಲು ನಿಲ್ಲಿಸಿದರು, ಪೂಜೆಗೆಂದು ಭೂಮಿ ಬಿಟ್ಟರು. ಕಣ್ಣೂರಿನ ಪರಶ್ಶಿನಿಕಡವಿನ ಮುತ್ತಪ್ಪನ ಸನ್ನಿಧಿಯಲ್ಲಿ ಇಂದಿಗೂ ನಾಯಿಗಳಿಗೆ ಸ್ವಾಗತವಿದೆ. ಆದರೆ ಪ್ರತಿ ಕ್ಷೇತ್ರಕ್ಕೂ ಅದರದೇ ಕಟ್ಟಳೆ. ಅದನ್ನು ಮೀರಿ ನಾಯಿಯನ್ನು ಒಳಗೆ ಒಯ್ದರೆ ಮುಂದಿನ ಸಲ ಹೊರಗಿನ ರಸ್ತೆಯಲ್ಲೂ ನಾಯಿ ಸಾಕಿದವರಿಗೆ ಮರ್ಯಾದೆ ಉಳಿಯದು.

ಸೆಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಗಾಳಿಯಲ್ಲೇ ನೀರಿನ ಅಂಶ ತುಂಬಿರುವ ನಮ್ಮ ಕಡೆ ಆ ಉಪಾಯ ಅರ್ಧಕ್ಕರ್ಧ ಕೆಲಸ ಮಾಡದು. ಮೈ ಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರಾಣಕ್ಕೇ ಕುತ್ತು. ಅಂಗೈ ಹಿಂಬದಿಯನ್ನು ಐದಾರು ಸೆಕೆಂಡು ಡಾಂಬರಿಗೆ ಒತ್ತಿ ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು. ನೀರು, ಬಟ್ಟಲು ಮನೆಯಿಂದಲೇ ಬರಲಿ. "ಐದು ನಿಮಿಷ" ಎಂದುಕೊಂಡು ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಲೇಬಾರದು. ತಿಂಡಿಯಂಗಡಿಯ ಎದುರು ಎಚ್ಚರ ಇನ್ನೂ ಹೆಚ್ಚು ಬೇಕು. ನೀರುಳ್ಳಿ ಬಜೆಯ ನೀರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ, ಚಾಕಲೇಟು ಹೃದಯಕ್ಕೆ ಕೆಟ್ಟದ್ದು, ಬೆಂದ ಕೋಳಿಮೂಳೆ ಚೂರಾಗಿ ಗಂಟಲಿಗೆ ಚುಚ್ಚುತ್ತದೆ.

ಪ್ರಯಾಣಕ್ಕೆ ಸ್ವಂತ ವಾಹನವೇ ಅನುಕೂಲ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ 2022ರಿಂದ ನಾಯಿಗೆ ಅರ್ಧ ಟಿಕೆಟ್. ರೈಲಿನಲ್ಲಾದರೆ ಮೊದಲ ದರ್ಜೆಯ ಕೂಪೆಯನ್ನೇ ಪೂರ್ತಿ ಕಾದಿರಿಸಬೇಕು, ಇಲ್ಲವೇ ಗಾರ್ಡ್ ಬೋಗಿಯ ನಾಯಿಪೆಟ್ಟಿಗೆ. ಆ ಕತ್ತಲೆಯ ಪೆಟ್ಟಿಗೆಗೆ ನಾಯಿಯನ್ನು ಹಾಕಲು ನನಗೆ ಮನಸ್ಸು ಬಾರದು. ಹೇಗೆ ಹೋದರೂ ರೇಬೀಸ್ ಲಸಿಕೆಯ ಕಾರ್ಡು ಜೇಬಿನಲ್ಲಿರಲಿ. ಜಾತ್ರೆಯ ಬಯಲಿನಲ್ಲಿ ಅಲ್ಲಿಯದೇ ನಾಯಿಗಳಿರುತ್ತವೆ; ಅವು ಎದುರಾದರೆ ನಿಲ್ಲದೆ, ಕಿರುಚದೆ ನಡುವೆ ನೀವು ಬಂದು ದಾರಿ ಬದಲಿಸಿ. ಯಾರಿಗೇ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಜನರಲ್ಲಿ ನಾಯಿಗೆ ಹೆದರುವವರು ಬಹಳ. "ಕಚ್ಚತ್ತಾ?" ಎಂದು ಕೇಳಿದವರಿಗೆ "ಏನೂ ಮಾಡುದಿಲ್ಲೆ" ಎಂಬ ಉತ್ತರ ಸಾಲದು, ಬೆಲ್ಟ್ ಗಿಡ್ಡ ಹಿಡಿದು ಎರಡು ಹೆಜ್ಜೆ ಸರಿದು ದಾರಿ ಕೊಡಿ. ಮಗುವೊಂದು "ಮುಟ್ಲಕ್ಕಾ?" ಎಂದರೆ ಮೊದಲು ನಾಯಿಯ ಮುಖ ನೋಡಿ. ನಿದ್ದೆಯಿಲ್ಲದೆ ಆಕಳಿಸುವುದು, ಮತ್ತೆ ಮತ್ತೆ ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆ ನೋಡುವುದು, ಇಷ್ಟದ ತುಣುಕನ್ನೂ ಮೂಸದಿರುವುದು, ಇವೆಲ್ಲ "ಇನ್ನು ಸಾಕು" ಎಂದು ಅದು ಹೇಳುವ ರೀತಿ. ಆಗ ಮಗುವಿಗೆ ನಯವಾಗಿ ಬೇಡವೆಂದು ಹೇಳಿ, ನಾಯಿಯನ್ನು ಕರೆದುಕೊಂಡು ಮನೆಗೆ ಹೊರಡಿ, ಪ್ರಸಂಗ ಎಷ್ಟೇ ರಂಗೇರಿರಲಿ.

ಈ ವರ್ಷ ನಿಮ್ಮ ನಾಯಿ ಇದಕ್ಕೆಲ್ಲ ತಯಾರಿಲ್ಲದಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ, ಅದರಲ್ಲಿ ಯಾವ ಕೊರತೆಯೂ ಇಲ್ಲ. ಮುಂದಿನ ವರ್ಷ ಜೊತೆಗೆ ಬರಬೇಕೆಂದಿದ್ದರೆ ತರಬೇತಿ ಇಂದೇ, ನಿಮ್ಮ ಅಂಗಳದಲ್ಲೇ ಶುರುವಾಗಲಿ.