ಕೌಲ್ ಸಾಹೇಬ ಯಾರು? ಬಳ್ಳಾರಿಯ ಒಂದು ಪಾರಂಪರಿಕ ನಡಿಗೆ

ಕಳೆದ ತಿಂಗಳು ಒಂದು ಭಾನುವಾರ ಬಳ್ಳಾರಿಯಲ್ಲಿ ನಡೆದ ಪಾರಂಪರಿಕ ನಡಿಗೆಗೆ ಹೋಗಿದ್ದೆ. ನಡೆಸಿದವರ ಹೆಸರು ಇಲ್ಲಿ ಬರೆಯಲ್ಲ. ಇದು ಅವರ ಮೇಲಿನ ದೂರಲ್ಲ. ನಮ್ಮಲ್ಲಿ ನಡೆಯುವ ಇಂಥ ಬಹಳಷ್ಟು ನಡಿಗೆಗಳಲ್ಲಿ ನಾನು ಕಂಡಿರುವ ಒಂದು ಕೊರತೆ ಅವತ್ತು ಎದ್ದು ಕಾಣಿಸಿತು, ಅಷ್ಟೆ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ಬೆಳಿಗ್ಗೆ ಆರಕ್ಕೇ ಶುರು ಮಾಡಿದ್ರು. ಬಳ್ಳಾರಿ ಬಿಸಿಲು ಗೊತ್ತಿರುವವರು ಮಾತ್ರ ಹೀಗೆ ಮಾಡ್ತಾರೆ. ಇಪ್ಪತ್ತು ಜನ ಇದ್ವಿ. ಮಾರ್ಗದರ್ಶಕ ಚಿಕ್ಕ ವಯಸ್ಸಿನ ಹುಡುಗ, ಒಳ್ಳೆ ದನಿ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಹೋಗಿ ಉರ್ದುವಿನಲ್ಲಿ ಮುಗಿಯುತ್ತಿತ್ತು. ಕೋಟೆ ಗುಡ್ಡ ಹತ್ತುವಾಗ ಬಂಡೆ ಎಲ್ಲಿ ಮುಗೀತು, ಗೋಡೆ ಎಲ್ಲಿ ಶುರುವಾಯ್ತು ಅಂತ ತೋರಿಸಿದ ರೀತಿ, ಮೇಲಿನ ಕೋಟೆಯಲ್ಲಿ ಬಂಡೆಯ ಸೀಳುಗಳಲ್ಲಿ ಮಳೆನೀರು ಹಿಡಿದಿಟ್ಟ ವಿಧಾನ ವಿವರಿಸಿದ್ದು ಇವೆಲ್ಲ ಸಿವಿಲ್ ಇಂಜಿನಿಯರ್ ಆದ ನನಗೂ ಖುಷಿ ಕೊಟ್ಟವು. ಸಂಗನಕಲ್ಲಿನ ದಿಕ್ಕು ತೋರಿಸಿ, ನವಶಿಲಾಯುಗದ ಜನ ಅಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದರು ಅಂದದ್ದೂ ಸರಿಯಾಗಿತ್ತು.

ಆಮೇಲೆ ಫ್ರೆಂಚ್ ಇಂಜಿನಿಯರನ ಕತೆ ಬಂತು. ಬಳ್ಳಾರಿಯವರಿಗೆಲ್ಲ ಗೊತ್ತಿರುವ ಕತೆ: ಹೈದರಾಲಿ ಫ್ರೆಂಚ್ ಇಂಜಿನಿಯರನಿಂದ ಕೋಟೆ ಕಟ್ಟಿಸಿದ, ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಇದೆ ಅಂತ ಆಮೇಲೆ ತಿಳೀತು, ಇಂಜಿನಿಯರನನ್ನು ನೇಣಿಗೆ ಹಾಕಿಸಿದ. ಪೂರ್ವದ ಬಾಗಿಲ ಬಳಿಯ ಗೋರಿಯೇ ಅವನದು ಅಂತ ಹುಡುಗ ಮಾತು ಮುಗಿಸಿದ. ಎಲ್ಲರೂ ಫೋಟೋ ತೆಗೆದುಕೊಂಡರು.

ಕತೆ ಹೇಳೋದು ತಪ್ಪಲ್ಲ. ಆದರೆ ಅದನ್ನು ಕತೆ ಅಂತ ಹೇಳಬೇಕು. ಅದೇ ಗೋರಿ ಒಬ್ಬ ಸಂತರದು ಅಂತ ನಂಬುವ ಮುಸ್ಲಿಮರೂ ಊರಲ್ಲಿದ್ದಾರೆ. ಅದನ್ನು ಆತ ಹೇಳಲೇ ಇಲ್ಲ. ಗೋರಿಯ ಮೇಲೆ ಬರಹ ಇದೆಯಾ ಅಂತ ಯಾರೂ ನೋಡಲಿಲ್ಲ. ಇನ್ನೊಂದು ಮಾತು: ಮೇಲಿನ ಕೋಟೆ ಹೈದರನಿಗಿಂತ ಹಿಂದಿನದು, ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು. ಹೈದರನ ಕಾಲದಲ್ಲಿ ಆದದ್ದು ಅದರ ದುರಸ್ತಿ ಮತ್ತು ಕೆಳಗಿನ ಕೋಟೆ. ಅಂದಮೇಲೆ ಗುಡ್ಡ ಆರಿಸಿದ್ದು ಆ ಇಂಜಿನಿಯರ್ ಅಲ್ಲವೇ ಅಲ್ಲ. ಮಾಲೀಕ ತೋರಿಸಿದ ಸೈಟಿನಲ್ಲಿ ಕಟ್ಟಿ ಕೊಟ್ಟವನಿಗೆ ಸೈಟು ಸರಿ ಇಲ್ಲ ಅಂತ ಶಿಕ್ಷೆ! ಈ ಒಂದು ಪ್ರಶ್ನೆ ಕೇಳಿದ್ದರೂ ಕತೆಯ ಸ್ವಾರಸ್ಯ ಕಡಿಮೆ ಆಗುತ್ತಿರಲಿಲ್ಲ, ಹೆಚ್ಚುತ್ತಿತ್ತು.

ಎರಡನೇದು ಅಶೋಕನ ವಿಷಯ. ‘ಅಶೋಕನ ಹೆಸರು ಇರುವ ಶಾಸನ ಇಡೀ ದೇಶದಲ್ಲಿ ಒಂದೇ, ನಮ್ಮ ಪಕ್ಕದ ಮಸ್ಕಿ’ ಅಂದ. ಹಳೆಯ ಪಠ್ಯಪುಸ್ತಕದ ಮಾತು. ಮಸ್ಕಿ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್. ಆಗ ಆ ಮಾತು ನಿಜ. ಈಗ ಮಧ್ಯಪ್ರದೇಶದ ಗುಜರ್ರಾ ಇದೆ. ಅದಕ್ಕಿಂತ ಮುಖ್ಯವಾಗಿ, ಇದೇ ಬಳ್ಳಾರಿ ಸೀಮೆಯಲ್ಲಿ ನಿಟ್ಟೂರು ಮತ್ತು ಉಡೇಗೋಳ ಇವೆ. 1970ರ ದಶಕದ ಕೊನೆಯಲ್ಲಿ ಸಿಕ್ಕ ಈ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನಗಳಲ್ಲೂ ಅಶೋಕನ ಹೆಸರು ಸ್ಪಷ್ಟವಾಗಿದೆ. ಸಿರುಗುಪ್ಪ ಕಡೆ ಬಸ್ಸು ಹತ್ತಿದರೆ ಸಿಗುವ ಶಾಸನವನ್ನು ಬಳ್ಳಾರಿಯಲ್ಲೇ ನಿಂತು ‘ಇಲ್ಲ’ ಅಂದ ಹಾಗಾಯ್ತು.

ಮೂರನೇದಕ್ಕಾಗಿಯೇ ಈ ಬರಹ. ಇಳಿದು ಬಂದು ಚಾ ಕುಡೀತಿದ್ದಾಗ ಕಾಲೇಜು ಹುಡುಗಿಯೊಬ್ಬಳು ಕೇಳಿದಳು, ‘ನಮ್ ಕೌಲ್ ಬಜಾರಿಗೆ ಯಾಕ್ರಿ ಸರ್ ಹೋಗಲ್ಲ?’ ಅವಳ ಮನೆ ಅಲ್ಲೇ, ತಂದೆ ಜೀನ್ಸ್ ಹೊಲಿಯುವವರು.

‘ಅಲ್ಲಿ ನೋಡೋದಕ್ಕೆ ಏನೈತಮ್ಮಾ?’ ಅಂದ ಮಾರ್ಗದರ್ಶಕ. ಅವಳ ಮುಖ ನೋಡಿ, ಸಮಾಧಾನಕ್ಕೆ ಅಂತ ಸೇರಿಸಿದ: ‘ಬ್ರೂಸ್ ಸಾಹೇಬನಿಂದ ಬ್ರೂಸ್‌ಪೇಟೆ ಬಂತಲ್ಲ, ಹಂಗೇ ಕೌಲ್ ಸಾಹೇಬನಿಂದ ಕೌಲ್ ಬಜಾರ್.’

ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಅವನ ತರ್ಕ ಎಲ್ಲಿಂದ ಬಂತು ಅಂತ ಅರ್ಥವಾಗುತ್ತೆ. ಬ್ರೂಸ್‌ಪೇಟೆಗೆ ನ್ಯಾಯಾಧೀಶ ಪೀಟರ್ ಬ್ರೂಸ್, ಈಗ ಮಿಲ್ಲರ್‌ಪೇಟೆ ಅನ್ನಿಸಿಕೊಂಡಿರುವ ಮೆಲ್ಲರ್‌ಪೇಟೆಗೆ ಕಲೆಕ್ಟರ್ ಏಬೆಲ್ ಮೆಲ್ಲರ್. ಎರಡು ಪೇಟೆಗೆ ಇಬ್ಬರು ಸಾಹೇಬರು ಸಿಕ್ಕಮೇಲೆ ಮೂರನೇ ಜಾಗಕ್ಕೂ ಒಬ್ಬ ಬೇಕು ಅನ್ನಿಸುತ್ತೆ. ಆದರೆ ಕೌಲ್ ಅನ್ನೋದು ಮನುಷ್ಯನ ಹೆಸರಲ್ಲ, ಅದು ಕೌಲು. ಮೂಲ ಅರಬ್ಬೀ, ಅರ್ಥ ‘ಮಾತು’, ‘ಕೊಟ್ಟ ಮಾತು’. ಕವ್ವಾಲಿ ಅನ್ನುವ ಪದವೂ ಇದೇ ಮೂಲದ್ದು. ದಖ್ಖನಿನ ಆಡಳಿತದಲ್ಲಿ ಕೌಲು ಅಂದರೆ ಬರೆದುಕೊಟ್ಟ ಭರವಸೆ: ಇಷ್ಟು ವರ್ಷ ಇಷ್ಟೇ ಕಂದಾಯ, ಬೀಳು ನೆಲ ಉಳು, ಅಂಗಡಿ ಹಾಕು, ನಿನ್ನ ತಂಟೆಗೆ ಯಾರೂ ಬರಲ್ಲ ಅನ್ನುವ ಕರಾರು. ಗಡಿ ದಾಟಿ ಆಂಧ್ರಕ್ಕೆ ಹೋದರೆ ಗೇಣಿಗೆ ಹೊಲ ಮಾಡುವವರನ್ನು ಇವತ್ತಿಗೂ ‘ಕೌಲು ರೈತು’ ಅಂತಾರೆ. ನಮ್ಮ ಇಪ್ಪತ್ತು ಜನರಲ್ಲಿ ತೆಲುಗು ಬಲ್ಲವರು ಅರ್ಧಕ್ಕಿಂತ ಹೆಚ್ಚು. ಉತ್ತರ ಅವರ ಬಾಯಲ್ಲೇ ಇತ್ತು.

ಇನ್ನೊಂದು ಸಾಕ್ಷ್ಯ ಬೇಕಾದರೆ ಚೆನ್ನೈಗೆ ಹೋಗಬೇಕು. ಅಲ್ಲಿ ಪಲ್ಲಾವರಂ ದಂಡಿನ ಹತ್ತಿರವೂ ಒಂದು ಕೌಲ್ ಬಜಾರ್ ಇದೆ. ನಮ್ಮದೂ ಕಂಟೋನ್ಮೆಂಟಿನ ಮಗ್ಗುಲಲ್ಲೇ. ಎರಡೂ ಕಡೆ ದಂಡು, ಎರಡೂ ಕಡೆ ಅದರ ಪಕ್ಕ ಬಜಾರು, ಎರಡಕ್ಕೂ ಒಂದೇ ಹೆಸರು. ಒಬ್ಬನೇ ಸಾಹೇಬ ಎರಡೂ ಕಡೆ ಅಂಗಡಿ ತೆರೆಸಿದ ಅನ್ನೋದಕ್ಕಿಂತ, ದಂಡಿಗೆ ಬೇಕಾದ ಕಸುಬಿನವರನ್ನು, ವರ್ತಕರನ್ನು ಕೌಲು ಕೊಟ್ಟು ಕರೆಸಿ ಕೂರಿಸಿದರು ಅನ್ನೋದು ಸಹಜ. 1800ರಲ್ಲಿ ನಿಜಾಮನಿಂದ ಈ ಸೀಮೆ ಕಂಪನಿಗೆ ಬಂದಮೇಲೆ ಬಳ್ಳಾರಿ ದೊಡ್ಡ ದಂಡಿನ ಊರಾಯಿತು. ದಂಡು ಬಂದರೆ ಸಾಕೆ? ದರ್ಜಿ ಬೇಕು, ಚಮ್ಮಾರ ಬೇಕು, ಕಾಳುಕಡ್ಡಿ ಮಾರುವವ ಬೇಕು. ಮೂಲ ಕೌಲುಪತ್ರ ಕೈಗೆ ಸಿಗುವ ತನಕ ಇದು ಹೆಸರು ಹೇಳುವ ಸಾಕ್ಷ್ಯ, ಅಷ್ಟೇ ತೂಕ ಕೊಡೋಣ. ಆದರೂ ಅದು ಕಲ್ಪನೆಯ ಸಾಹೇಬನಿಗಿಂತ ಬಲವಾದದ್ದು.

ಶಾಸನ ಓದುವ ನಮಗೆ ಈ ಪದ ಹೊಸದಲ್ಲ. ವಿಜಯನಗರ ಕಾಲದ ಕನ್ನಡ, ತೆಲುಗು ಶಾಸನಗಳಲ್ಲಿ ‘ಕವುಲು’ ಸಿಗುತ್ತದೆ. ಸದಾಶಿವರಾಯನ ಕಾಲದಲ್ಲಿ ಕೊಂಡೋಜ ಮೊದಲಾದವರ ಕೋರಿಕೆಯಂತೆ ನಾವಿಂದರ ತೆರಿಗೆ ಬಿಟ್ಟುಕೊಟ್ಟ ಶಾಸನಗಳನ್ನು ನೆನೆಸಿಕೊಳ್ಳಿ. ದುಡಿಯುವ ಜನಕ್ಕೆ ಅಧಿಕಾರ ಬರೆದುಕೊಟ್ಟ ಮಾತು ಅದು. ಕಲ್ಲಿನ ಮೇಲಿದ್ದರೆ ನಾವು ಅಚ್ಚು ತೆಗೆಯುತ್ತೇವೆ. ಒಂದು ಬಡಾವಣೆಯ ಹೆಸರಿನಲ್ಲಿ ಉಳಿದರೆ ‘ನೋಡೋದಕ್ಕೆ ಏನೂ ಇಲ್ಲ’ ಅಂತೀವಿ.

ಇದರಲ್ಲಿ ಅಂಥದ್ದೇನು, ಒಂದು ಹೆಸರು ತಾನೆ ಅನ್ನಬಹುದು. 2014ರ ನವೆಂಬರ್ 1ರಂದು ಬೆಲ್ಲಾರಿ ಹೋಗಿ ಅಧಿಕೃತವಾಗಿ ಬಳ್ಳಾರಿ ಆಯ್ತು, ಸಂತೋಷ. ಆದರೆ ಬಿಳಿಯರ ಹೆಸರು ಅಂತ ಒಮ್ಮೆ ನಂಬಿಕೆ ಬೇರೂರಿದರೆ, ನಾಳೆ ಕೌಲ್ ಬಜಾರಿನ ಬೋರ್ಡು ಇಳಿಸೋದಕ್ಕೆ ಒಂದು ಅರ್ಜಿ ಸಾಕು. ಆಗ ಅಳಿಯೋದು ಸಾಹೇಬನ ಹೆಸರಲ್ಲ. ಅಲ್ಲಿ ಬಂದು ನೆಲೆಸಿದ ದರ್ಜಿಗೆ, ಬೇಪಾರಿಗೆ ಕೊಟ್ಟಿದ್ದ ಮಾತು. ಆ ಹುಡುಗಿಗೆ ತಿಳಿಯಬೇಕಾಗಿದ್ದದ್ದು ಇದು: ಅವಳ ಬಜಾರ್ ಯಾರದೋ ದೊಡ್ಡಸ್ತಿಕೆಯಿಂದ ಹುಟ್ಟಿದ್ದಲ್ಲ, ಕರಾರಿನ ಮೇಲೆ ನಿಂತದ್ದು.

ನಾನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಹುಡುಗನಿಗೆ ಎಲ್ಲರೆದುರು ಮುಜುಗರ ಆಗಬಾರದು ಅಂತ ಸುಮ್ಮನಾದೆ. ಅದು ನೆಪ ಅಂತ ಈಗ ಅನ್ನಿಸುತ್ತೆ, ಯಾಕಂದ್ರೆ ತಪ್ಪು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಶಾಸನ ಓದೋದನ್ನು ಕಲಿಯುತ್ತಿದ್ದ ಹೊಸತರಲ್ಲಿ, ಶಕವರ್ಷಕ್ಕೆ 78 ಕೂಡಿಸುವುದನ್ನು ಮರೆತು, ಒಂದು ಹಳ್ಳಿಯ ಶಾಸನದ ಕಾಲ ಹೇಳಿ ಬಂದಿದ್ದೆ. ಊರವರು ಅದೇ ಇಸವಿಯನ್ನು ಗುಡಿಯ ಬೋರ್ಡಿನ ಮೇಲೆ ಬರೆಸಿದರು. ತಪ್ಪು ಅಂತ ಎರಡು ಸಲ ಹೋಗಿ ಹೇಳಿದೆ. ಬೋರ್ಡು ಇನ್ನೂ ಹಾಗೇ ಇದೆ.

ಮಾರ್ಗದರ್ಶಕನ ಕಡೆಯಿಂದಲೂ ಒಂದು ಮಾತು ಹೇಳಬೇಕು. ಬಳ್ಳಾರಿ 1953ರ ಅಕ್ಟೋಬರ್ 1ರ ತನಕ ಮದ್ರಾಸಿಗೆ ಸೇರಿತ್ತು. ಹಾಗಾಗಿ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಈ ಜಿಲ್ಲೆಗೆ ಸಂಪುಟ ಇಲ್ಲ. ಇಲ್ಲಿಯ ಬಹಳಷ್ಟು ಶಾಸನಗಳು ಇರುವುದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9ನೇ ಸಂಪುಟದಲ್ಲಿ. ಕುರುಗೋಡಿನ ಸಿಂದರ 12ನೇ ಶತಮಾನದ ಶಾಸನಗಳನ್ನು ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿ ನೂರು ವರ್ಷ ದಾಟಿತು. ಕಂಪನಿ ಕಾಲದ ಗೋರಿಬರಹಗಳಿಗೆ ಜೆ. ಜೆ. ಕಾಟನ್ ಅವರ 1905ರ ಪಟ್ಟಿ ನೋಡಬೇಕು. ಎಲ್ಲ ಅಚ್ಚಾಗಿದೆ, ಆದರೆ ಹಲವು ಕಡೆ ಹಂಚಿಹೋಗಿದೆ. ಅದನ್ನು ನಡಿಗೆ ಮಾಡಿಸುವವರ ಕೈಗೆ ಮುಟ್ಟಿಸದೇ ಇರೋದು ನಮ್ಮಂಥವರ ತಪ್ಪು. ನಾವು ನಮ್ಮನಮ್ಮಲ್ಲೇ ಪಾಠಾಂತರ ಚರ್ಚೆ ಮಾಡಿಕೊಂಡು ಕೂತಿದ್ದೀವಿ.

ಮರುದಿನ ಹುಡುಗನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅಲ್ಲೇ ಹೇಳಬೇಕಿತ್ತು ಸರ್’ ಅಂದ. ಆಮೇಲೆ, ‘ಎರಡು ಪುಟ ಬರೆದುಕೊಡ್ರಿ, ಮುಂದಿನ ಸಲ ಕೌಲ್ ಬಜಾರಿಂದಲೇ ಶುರು ಮಾಡಣ’ ಅಂದ. ಬರೆದು ಕಳಿಸಿದ್ದೀನಿ. ಮೊದಲ ನಿಲುಗಡೆಯಲ್ಲಿ ಯಾವ ಕಟ್ಟಡವನ್ನೂ ತೋರಿಸಬೇಡ, ಅಂಗಡಿಯೊಂದರ ಬೋರ್ಡಿನಲ್ಲಿರುವ ವಿಳಾಸ ಓದಿಸು ಸಾಕು ಅಂದಿದ್ದೀನಿ.

ಹುಡುಗಿಯ ಹೆಸರನ್ನು ಮಾತ್ರ ಅವತ್ತು ನಾನು ಕೇಳಲಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಕೌಲ್ ಸಾಹೇಬ ಇನ್ನೂ ಇದ್ದಾನೆ. ಕೌಲ್ ಬಜಾರಿನವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಅವಳಿಗೆ ಮುಟ್ಟಿಸಿ.