ಒಂಟಿಯಾಗಿ ಹೋದವರು ಬರೆದ ಹಡಗು

ಮಕ್ಕಳನ್ನು ಕರ್ಕೊಂಡು ಕೆರಿಬಿಯನ್ ಕ್ರೂಸ್‌ಗೆ ಹೊರಟಿದ್ದೀವಿ ಅಂತ ಆಫೀಸಿನಲ್ಲಿ ಹೇಳಿ ನೋಡಿ. ಸ್ವಲ್ಪ ಓದಿಕೊಂಡ ಯಾರಾದರೂ ಒಬ್ಬರು ಡೇವಿಡ್ ಫಾಸ್ಟರ್ ವಾಲೇಸ್ ಅವರ ಪ್ರಬಂಧದ ಲಿಂಕ್ ಕಳಿಸುತ್ತಾರೆ. 1996ರ ಜನವರಿಯಲ್ಲಿ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ‘ಶಿಪ್ಪಿಂಗ್ ಔಟ್’ ಅಂತ ಬಂದು, ಮರುವರ್ಷ ‘ಎ ಸಪೋಸೆಡ್ಲಿ ಫನ್ ಥಿಂಗ್ ಐ ವಿಲ್ ನೆವರ್ ಡೂ ಅಗೇನ್’ ಎಂಬ ಹೆಸರಿನಲ್ಲಿ ಪುಸ್ತಕ ಸೇರಿದ ಬರಹ ಅದು. ಏಳು ರಾತ್ರಿಯ ಪ್ರವಾಸ. ಹಡಗಿನ ನಿಜವಾದ ಹೆಸರು ‘ಜೆನಿತ್’, ಅಂದರೆ ಆಕಾಶದ ನೆತ್ತಿ. ವಾಲೇಸ್ ಅದನ್ನು ‘ನೇಡಿರ್’, ಅಂದರೆ ಅದರ ತದ್ವಿರುದ್ಧದ ತಳ, ಅಂತ ಕರೆದು ಹೆಸರಿನಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ.

ಪ್ರಬಂಧ ಚೆನ್ನಾಗಿದೆ, ಅದರಲ್ಲಿ ಅನುಮಾನ ಬೇಡ. ಡೇಟಾ ಸೈನ್ಸ್ ಕೆಲಸದಲ್ಲಿರುವ ನನಗೆ ಕ್ಯಾಬಿನ್ ಸ್ವಚ್ಛ ಮಾಡುವ ಪೆಟ್ರಾಳ ಭಾಗ ಬಹಳ ಇಷ್ಟ. ವಾಲೇಸ್ ಅರ್ಧ ಗಂಟೆಗಿಂತ ಹೆಚ್ಚು ಹೊರಗಿದ್ದರೆ ಕೋಣೆ ಸ್ವಚ್ಛವಾಗಿರುತ್ತದೆ, ಕಡಿಮೆಯಾದರೆ ಇಲ್ಲ. ಆಕೆಗೆ ಇದು ಹೇಗೆ ಗೊತ್ತಾಗುತ್ತದೆ ಅಂತ ಪತ್ತೆ ಮಾಡಲು ಅವರು ಒಳಗೆ ಹೊರಗೆ ಓಡಾಡಿ ಪ್ರಯೋಗ ಮಾಡುತ್ತಾರೆ, ಆದರೂ ಗುಟ್ಟು ಸಿಗೋದಿಲ್ಲ. ನಗು ಬರುತ್ತದೆ, ಜೊತೆಗೆ ಸ್ವಲ್ಪ ಭಯವೂ ಆಗುತ್ತದೆ.

ನನ್ನ ತಕರಾರು ಬೇರೆ. ಪ್ರಬಂಧದ ಮುಖ್ಯ ವಾದ ನಿಂತಿರುವುದು ‘ಮಗು’ ಎಂಬ ಒಂದು ರೂಪಕದ ಮೇಲೆ. ನಮ್ಮೆಲ್ಲರೊಳಗೆ ಬೇಕು ಬೇಕು ಅಂತ ಅಳುವ ಒಂದು ಕೂಸಿದೆ, ಹಡಗು ಅದನ್ನು ಸಮಾಧಾನ ಮಾಡ್ತೀನಿ ಅಂತ ಸುಳ್ಳು ಭರವಸೆ ಕೊಡುತ್ತದೆ, ಆ ಕೂಸಿಗೆ ತೃಪ್ತಿ ಅನ್ನೋದೇ ಇಲ್ಲ. ಒಂಟಿ ಗಂಡಸಿನ ಮಟ್ಟಿಗೆ ಇದು ಸರಿ ಇರಬಹುದು. ಆದರೆ ನಿಜವಾದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹಡಗು ಹತ್ತಿದವರಿಗೆ ಕೂಸಾಗುವ ಅವಕಾಶ ಎಲ್ಲಿದೆ? ಡೈಪರ್ ಹಾಕಿದ ಮಗು ದೊಡ್ಡ ಈಜುಕೊಳಕ್ಕೆ ಇಳಿಯುವಂತಿಲ್ಲ. ಮಕ್ಕಳ ಕ್ಲಬ್ಬಿಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ನಿಮ್ಮದು ಎರಡೂವರೆ ವರ್ಷದ್ದಾದರೆ ಮುಗೀತು, ಏಳು ದಿನ ನೀವೇ ಕ್ಲಬ್ಬು.

ಹಾಗಾದರೆ ಅಪ್ಪ ಅಮ್ಮಂದಿರು ದುಡ್ಡು ಕೊಡುವುದು ಯಾತಕ್ಕೆ? ರಾತ್ರಿಗೆ ಏನು ಅಡುಗೆ ಅನ್ನೋ ಪ್ರಶ್ನೆ ಒಂದು ವಾರ ಬರದಿರಲಿ ಅಂತ. ಅಜ್ಜಿಗೆ ಮಾಂಸ ಮುಟ್ಟದ ಊಟ, ಮೊಮ್ಮಗನಿಗೆ ಪಿಜ್ಜಾ, ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಕೂರಲಿ ಅಂತ. ವಾಲೇಸ್ ಹೇಳುವ ಹತಾಶೆಯನ್ನು ನಾನು ಅಲ್ಲಿ ಹುಡುಕಿದೆ, ಕಂಡದ್ದು ನಿದ್ದೆಗೆಟ್ಟ ಮುಖಗಳು. ಅವರ ಪುಟಗಳಲ್ಲಿ ನೆನಪಿನಲ್ಲಿ ಉಳಿಯುವ ಮಗು ಅಂದ್ರೆ ಚೆಸ್ ಆಟದಲ್ಲಿ ಅವರನ್ನು ಸೋಲಿಸುವ ಒಂಬತ್ತು ವರ್ಷದ ಹುಡುಗಿ. ಲೇಖಕರ ಪೇಚಾಟ ತಮಾಷೆಯಾಗಿದೆ. ಹಡಗಿನಲ್ಲಿ ಆ ಹುಡುಗಿಯ ವಾರ ಹೇಗಿತ್ತು ಅನ್ನೋದನ್ನ ಮಾತ್ರ ಬರಹ ಕೇಳೋದಿಲ್ಲ.

2024ರಲ್ಲಿ ಗ್ಯಾರಿ ಶ್ಟೆಯ್ನ್‌ಗಾರ್ಟ್ ‘ದಿ ಅಟ್ಲಾಂಟಿಕ್’ ಪತ್ರಿಕೆಗೆ ‘ಐಕಾನ್ ಆಫ್ ದ ಸೀಸ್’ ಹಡಗಿನ ಮೊದಲ ಪ್ರವಾಸದ ಬಗ್ಗೆ ಬರೆದರು. ಜೆನಿತ್‌ನಲ್ಲಿ ಸುಮಾರು 1,400 ಪ್ರಯಾಣಿಕರಿಗೆ ಜಾಗವಿದ್ದರೆ ಐಕಾನ್‌ನಲ್ಲಿ ಗರಿಷ್ಠ 7,600 ಜನ. ಚಿಕ್ಕ ಮಕ್ಕಳಿರುವ ಮನೆಯವರಿಗಾಗಿಯೇ ಅಲ್ಲಿ ಒಂದು ಪ್ರತ್ಯೇಕ ಬಡಾವಣೆ ಕಟ್ಟಿದ್ದಾರೆ. ಅಂಥ ಹಡಗಿಗೂ ಮತ್ತೆ ಒಬ್ಬ ಲೇಖಕ, ಮತ್ತೆ ಒಂಟಿಯಾಗಿ! ಬರಹದ ತುಂಬಾ ಆ ಒಂಟಿತನವೇ. ಎರಡು ಸ್ಯಾಂಪಲ್, ಎರಡರಲ್ಲೂ ಒಂದೇ ಪಕ್ಷಪಾತ.

ಇನ್ನೊಂದು ವಿಷಯ ನಮ್ಮಂಥವರು ಮಾತ್ರ ಗಮನಿಸುವಂಥದ್ದು. ಮೆಕ್ಸಿಕೋದ ಕೊಝುಮೆಲ್‌ನಲ್ಲಿ ವಾಲೇಸ್ 12ನೇ ಡೆಕ್ ಮೇಲಿಂದ ಕೆಳಗೆ ನೋಡುತ್ತಾ, ಅಮೆರಿಕದ ಪ್ರವಾಸಿಗರಲ್ಲಿ ತಾನೂ ಒಬ್ಬ ಅಂತ ನಾಚಿಕೆ ಪಡುತ್ತಾರೆ. ಆ ನಾಚಿಕೆ ಪ್ರಾಮಾಣಿಕವಾದದ್ದೇ. ಆದರೆ ಅದೇ ಏಣಿಯಲ್ಲಿ ಇಳಿಯುವ ಭಾರತದ ಪಾಸ್‌ಪೋರ್ಟಿನವರನ್ನು ನೆನೆಸಿಕೊಳ್ಳಿ. ಅಮೆರಿಕದ ಒಂದೇ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ಪ್ರವಾಸಕ್ಕೆ, ಅಲ್ಲಿ ಹುಟ್ಟಿದ ಚಿಕ್ಕ ಮಗುವಿಗೆ ಜನನ ಪ್ರಮಾಣಪತ್ರ ಇದ್ದರೂ ನಡೆಯುತ್ತದೆ. ಅಪ್ಪ ಅಮ್ಮ ಮಾತ್ರ ಪಾಸ್‌ಪೋರ್ಟು, ವೀಸಾ, ಕಂಪನಿ ಪತ್ರ ಎಲ್ಲವನ್ನೂ ಬ್ಯಾಗಿನಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಇಳಿಯುತ್ತಾರೆ. ನಾಚಿಕೆಗೆ ಅಲ್ಲಿ ಪುರುಸೊತ್ತಿಲ್ಲ.

ಇಷ್ಟೆಲ್ಲ ಜಗಳವಾಡಿದ ಮೇಲೂ ಈ ಪ್ರಬಂಧವನ್ನು ನಾನು ಬಿಟ್ಟುಕೊಡೋದಿಲ್ಲ. ಕಾರಣ ಮತ್ತೆ ಪೆಟ್ರಾ. ನಮ್ಮ ಅನುಕೂಲದ ಹಿಂದೆ ಯಾರೋ ಕಣ್ಣಿಗೆ ಬೀಳದಂತೆ ಓಡುತ್ತಿದ್ದಾರೆ ಅಂತ ವಾಲೇಸ್‌ಗೆ ಕಾಡಿತು, ಮಕ್ಕಳ ಹಿಂದೆ ಓಡುವ ನಮಗೆ ಅದು ಕಾಣಿಸೋದೇ ಇಲ್ಲ. ಟಿಪ್ ತಾನಾಗಿಯೇ ಬಿಲ್ಲಿಗೆ ಸೇರುತ್ತದೆ, ಮಗುವಿನ ತಲೆಗೂ ಲೆಕ್ಕ ಹಾಕಿ, ಅಲ್ಲಿಗೆ ನಮ್ಮ ಯೋಚನೆಯೂ ಮುಗಿಯುತ್ತದೆ. ನಾವಿಕರಿಗಾಗಿ 2006ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಕೆಲಸಕ್ಕೆ ಹಾಕಿರುವ ಮಿತಿ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ. ಗಮನಿಸಿ, ಇದು ರಕ್ಷಣೆಗಾಗಿ ಹಾಕಿದ ಮಿತಿ!

ಆದರೆ ವಾಲೇಸ್‌ಗೂ ಪೆಟ್ರಾಗೂ ನಡುವೆ ಭಾಷೆ ಇರಲಿಲ್ಲ. ಆಕೆಗೆ ಬರುತ್ತಿದ್ದದ್ದು ಹರುಕು ಮುರುಕು ಇಂಗ್ಲಿಷ್, ಹಾಗಾಗಿ ಪ್ರಬಂಧದಲ್ಲಿ ಆಕೆ ಕೊನೆಯವರೆಗೂ ಒಂದು ಮುದ್ದಾದ ಒಗಟು. ನಮ್ಮಲ್ಲಿ ಕೆಲವರಿಗೆ ಆ ನೆಪ ಇಲ್ಲ. ಮಂಗಳೂರು, ಉಡುಪಿ ಕಡೆ ಯಾವ ಬೀದಿಯಲ್ಲಿ ಕೇಳಿದರೂ “ಅವ ಶಿಪ್ಪಿನಲ್ಲಿದ್ದಾನೆ” ಅನ್ನುವ ಒಂದಾದರೂ ಮನೆ ಸಿಗುತ್ತದೆ. ನಮ್ಮ ಪ್ರವಾಸದ ಮೂರನೇ ರಾತ್ರಿ, ನಾವು ಮಗಳನ್ನು ಗದರುವುದನ್ನು ಕೇಳಿಸಿಕೊಂಡ ವೇಟರ್ “ನೀವು ಕನ್ನಡವಾ?” ಅಂತ ಕೇಳಿದರು. ಮಂಗಳೂರಿನ ಕಡೆಯವರು, ಎಂಟು ತಿಂಗಳ ಕಾಂಟ್ರಾಕ್ಟು, ಊರಿನಲ್ಲಿ ಐದು ವರ್ಷದ ಮಗಳು. ನನ್ನವಳು ಮನೆಯಲ್ಲಿ ಕಲಿತಷ್ಟು ಕನ್ನಡದಲ್ಲೇ ಕೇಳಿದಳು, “ಅಂಕಲ್, ನಿಮ್ ಮಗಳು ಯಾಕೆ ಹಡಗಿಗೆ ಬಂದಿಲ್ಲ?”

“ಅವಳಿಗೆ ಶಾಲೆ ಉಂಟು ಮಾರಾಯ್ತಿ” ಅಂತ ನಕ್ಕು, ಅವಳ ತಟ್ಟೆ ಎತ್ತಿಕೊಂಡು ಹೋದರು. ಆಗ ಬೇಸಿಗೆ ರಜೆಯ ಏಪ್ರಿಲ್ ತಿಂಗಳು.

ನೀವು ಹೋಗುವುದಾದರೆ ಪ್ರಬಂಧವನ್ನು ಮೊದಲೇ ಓದಬೇಡಿ, ಹಡಗಿನಲ್ಲೇ ಓದಿ, ಮಕ್ಕಳು ಮಲಗಿದ ಮೇಲೆ. ಪೆಟ್ರಾಳ ಪುಟಗಳಷ್ಟು ಸಾಕು. ಮರುದಿನ ಬೆಳಿಗ್ಗೆ ನಿಮ್ಮ ಕ್ಯಾಬಿನ್ ಬಾಗಿಲು ತಟ್ಟುವವರ ಹೆಸರು, ಊರು ಕೇಳಲು ಮಕ್ಕಳಿಗೇ ಬಿಡಿ.